ನಮ್ಮನೆಯವರ ಬದಲು ನಾನು ಕೊಟ್ಟ ಉತ್ತರಗಳು

ಸಿದ್ದಾಪುರದ ಆ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಒಂದರಲ್ಲಿ ಕೌನ್ಸೆಲಿಂಗ್ ಮೇಡಂ ಕೂತಿದ್ದರು, ಎದುರಿನದರಲ್ಲಿ ನಮ್ಮನೆಯವರು. ಮೂರನೆಯದು ಗೋಡೆಗೆ ಒರಗಿಸಿಟ್ಟದ್ದು. ಅದನ್ನು ನಾನೇ ಎಳೆದುಕೊಂಡು ಇಬ್ಬರ ನಡುವೆ ಹಾಕಿ ಕೂತೆ. ಕೂರಿ ಎಂದು ಯಾರೂ ಹೇಳಿರಲಿಲ್ಲ.

"ನಿದ್ದೆ ಹೇಗಿದೆ?" ಮೇಡಂ ಇವರ ಮುಖ ನೋಡಿ ಕೇಳಿದರು.

"ನಿದ್ದೆ ಎಂತದು ಮೇಡಂ, ಬೆಳಗಿನ ಕೋಳಿಗಿಂತ ಮೊದ್ಲು ಎದ್ದು ಕೂತಿರ್ತಾರೆ," ಎಂದೆ ನಾನು.

"ಊಟ?"

"ಅರ್ಧ ಬಿಡ್ತಾರೆ. ಮೀನು ಸಾರು ಇದ್ರೂ ಅರ್ಧ."

"ಈ ಎದೆ ಹೊಡ್ಕೊಳ್ಳೋದು, ಕೈ ನಡುಗೋದು ಯಾವಾಗಿಂದ?"

"ಹೋದ ವರ್ಷ ಮಿಡಿ ಸೀಸನ್ನಿಂದ. ಅದಕ್ಕೆ ಮೊದ್ಲು ಎಂತದೂ ಇರ್ಲಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. ನನ್ನ ಮಗಳಾಗುವಷ್ಟು ಚಿಕ್ಕ ಪ್ರಾಯ. "ಅಕ್ಕಾ, ನೀವು ಇವರನ್ನ ತುಂಬ ಚೆನ್ನಾಗಿ ನೋಡ್ಕೊಂಡಿದ್ದೀರಿ. ಆದ್ರೆ ಎದೆ ಇವರದ್ದಲ್ವಾ, ಇವರೇ ಹೇಳಬೇಕು."

"ಇವ್ರು ಹೇಳೋ ಜನ ಆಗಿದ್ರೆ ನಾನು ಇಲ್ಲಿಗೆ ಎಂತಕ್ಕೆ ಕರ್ಕೊಂಡು ಬರ್ತಿದ್ದೆ?"

ಅವರು ನಕ್ಕರು. ನಾನೂ ನಕ್ಕೆ. ಇವರು ಮಾತ್ರ ತಮ್ಮ ಅಂಗೈ ನೋಡಿಕೊಂಡು ಕೂತಿದ್ದರು. ಮೊದಲ ಸುತ್ತು ನಾನೇ ಗೆದ್ದೆ ಅಂದುಕೊಂಡೆ. ಗೆಲ್ಲಲಿಕ್ಕೆ ಅಲ್ಲಿ ಏನೂ ಇರಲಿಲ್ಲ ಎನ್ನುವುದು ಅರ್ಥವಾಗುವಾಗ ಬಹಳ ತಡವಾಗಿತ್ತು.

ನನ್ನ ಕಸುಬು ಅಪ್ಪೆಮಿಡಿಯದ್ದು. ಉಪ್ಪಿನಕಾಯಿಗೆ ಹಾಕುವ, ಘಮಘಮ ಸೊನೆಯ ಎಳೇ ಮಾವಿನಮಿಡಿ. ಶಿರಸಿಗೆ ಮದುವೆಯಾಗಿ ಬಂದಾಗ ನನ್ನ ಹತ್ತಿರ ಇದ್ದದ್ದು ಅಮ್ಮ ಕೊಟ್ಟ ಎರಡು ಭರಣಿ ಮತ್ತು ಬಾಯಿ. ಮನೆಮನೆಗೆ ಹೋಗಿ ಬಾಟಲಿ ಮಾರಿದೆ. ಆಮೇಲೆ ಮರಗಳನ್ನೇ ಗುತ್ತಿಗೆ ಹಿಡಿಯಲು ಶುರು ಮಾಡಿದೆ. ಹೂವು ನೋಡಿ ಮರದ ರೇಟು ಮಾತಾಡಿಕೊಳ್ಳುವುದು, ಮಿಡಿ ಬಲಿಯುವ ಮೊದಲು ಕೊಯ್ದು ತರುವುದು. ಯಾರೂ ಕಲಿಸಿದ್ದಲ್ಲ. ಚೌಕಾಸಿಯಲ್ಲಿ ನನಗೊಂದು ಪಟ್ಟು ಗೊತ್ತು, ಬೇಕಾದವರು ಕಲಿತುಕೊಳ್ಳಿ: ನಿಮ್ಮ ರೇಟು ಒಮ್ಮೆ ಹೇಳಿ, ಆಮೇಲೆ ಬಾಯಿ ಮುಚ್ಚಿ. ಎದುರಿನವರು ಎಷ್ಟು ಹೊತ್ತು ಸುಮ್ಮನಿದ್ದರೂ ನೀವು ಅವರಿಗಿಂತ ಒಂದು ಗಳಿಗೆ ಹೆಚ್ಚು ಸುಮ್ಮನಿರಿ. ನಾನು ಆಗೆಲ್ಲ ಮರದ ಎಲೆ ಎಣಿಸುತ್ತ ನಿಲ್ಲುತ್ತಿದ್ದೆ. ಐವತ್ತು ಎಲೆ ಮುಟ್ಟುವುದರೊಳಗೆ ಮರದ ಯಜಮಾನರು ರೇಟಿನಲ್ಲಿ ಇಳಿಯುತ್ತಿದ್ದರು.

ಮಾತು ನನ್ನದು, ಮರ ನಮ್ಮನೆಯವರದು. ಅಪ್ಪೆಮಿಡಿಯನ್ನು ಬಡಿದು ಉದುರಿಸುವಂತಿಲ್ಲ. ನೆಲಕ್ಕೆ ಬಿದ್ದ ಒಂದು ಮಿಡಿ ಭರಣಿಯೊಳಗೆ ಮೆತ್ತಗಾದರೆ ಪಕ್ಕದ ನೂರನ್ನು ಕೆಡಿಸುತ್ತದೆ. ಒಬ್ಬ ಮನುಷ್ಯ ಮೇಲೆ ಹತ್ತಿ, ತೊಟ್ಟು ಸಮೇತ ಕೈಯಲ್ಲಿ ಬಿಡಿಸಿ, ಸೊಂಟದ ಚೀಲಕ್ಕೆ ತುಂಬಿ, ಹಗ್ಗದಲ್ಲಿ ಇಳಿಸಬೇಕು. ಇವರು ಹದಿನಾರನೇ ವರ್ಷದಿಂದ ಆ ಕೆಲಸ ಮಾಡಿದವರು. ಇವರಿಗೊಬ್ಬ ಜೊತೆಗಾರನಿದ್ದ, ಎಕ್ಕಂಬಿಯವನು. ಒಬ್ಬ ಈ ಕೊಂಬೆ, ಇನ್ನೊಬ್ಬ ಆ ಕೊಂಬೆ. ಮೇಲಿಂದ ಇಬ್ಬರ ತಮಾಷೆ ಕೇಳುತ್ತ ನಾನು ಕೆಳಗೆ ಬುಟ್ಟಿ ಹಿಡಿದಿರುತ್ತಿದ್ದೆ. ಅವನು ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ.

ಈಗ, ಮೇಡಂಗೆ ನಾನು ಕೊಟ್ಟ ಉತ್ತರದಲ್ಲಿದ್ದ ಸುಳ್ಳಿನ ವಿಷಯ. ಎದೆ ಹೊಡೆದುಕೊಳ್ಳಲು ಶುರುವಾದದ್ದು ಆ ಸೀಸನ್ನಿನಲ್ಲೇ, ನಿಜ. ಆದರೆ ಅದಕ್ಕೆ ಮೊದಲು ಎಂತದೂ ಇರಲಿಲ್ಲ ಎಂದೆನಲ್ಲ, ಅದು ಸುಳ್ಳು. ಅದರ ಹಿಂದಿನ ವರ್ಷ ಹೇರೂರಿನ ಕಡೆ ಒಂದು ಹಳ್ಳದ ದಂಡೆಯ ಮರಕ್ಕೆ ನಾವು ಮೂವರೂ ಹೋಗಿದ್ದೆವು. ಬೆಳಿಗ್ಗೆ ಒಂದು ಸಣ್ಣ ಮಳೆ ಬಿದ್ದು ನಿಂತಿತ್ತು. ಇವರು ಕಾಂಡಕ್ಕೆ ಅಂಗೈ ಒತ್ತಿ ನೋಡಿ, "ಇವತ್ತು ಬೇಡ. ತೊಗಟೆ ಜಾರ್ತದೆ. ನಾಳೆ ಬಿಸಿಲು ಬಿದ್ದ ಮೇಲೆ ಬರುವಾ," ಎಂದರು.

ತೋಟದ ಯಜಮಾನರು ಅಲ್ಲೇ ನಿಂತಿದ್ದರು. "ಆನು ಎಂತ ಮಾಡ್ಲಿ? ಇವತ್ತು ಕೊಯ್ದ್ರೆ ಸೈ. ಇಲ್ಲೆ ಅಂದ್ರೆ ನಾಳೆ ಬೇರೆಯವ್ರು ಬತ್ತ," ಎಂದರು ತಮ್ಮ ಹವ್ಯಕ ಮಾತಿನಲ್ಲಿ.

ಅದು ಅವರ ಚೌಕಾಸಿ ಎಂದು ನನಗೆ ಗೊತ್ತಿತ್ತು. ನಾಳೆಗೆ ಯಾರೂ ಬರುವವರಿರಲಿಲ್ಲ. ಸುಮ್ಮನೆ ನಿಂತು ಐವತ್ತು ಎಲೆ ಎಣಿಸಿದ್ದರೆ ಸಾಕಿತ್ತು. ಅವತ್ತು ಮಾತ್ರ ನಾನು ಎಣಿಸಲಿಲ್ಲ. ಮರದ ತುಂಬ ಮಿಡಿ ಗೊಂಚಲು ಗೊಂಚಲಾಗಿ ಬಿಟ್ಟಿತ್ತು, ಆಸೆ ಹತ್ತಿತು.

"ಇಬ್ಬಿಬ್ರು ಗಂಡಸ್ರು ಬಂದು ಖಾಲಿ ಬುಟ್ಟಿ ಹೊತ್ಕೊಂಡು ಹೋಗೂದಾ? ನಾನೇ ಸೀರೆ ಕಚ್ಚೆ ಹಾಕಿ ಹತ್ಲಾ ಹಂಗಾದ್ರೆ?" ಎಂದೆ.

ಜೊತೆಗಾರ ನಕ್ಕುಬಿಟ್ಟ. "ಬೇಡ ಅತ್ಗೆ, ನೀವು ಹತ್ತಿದ್ರೆ ಮರ ಹೆದ್ರಿ ತಾನೇ ಎಲ್ಲಾ ಮಿಡಿ ಉದುರಿಸ್ತದೆ," ಎಂದು ಚೀಲ ಕಟ್ಟಿಕೊಂಡು ಹತ್ತಿದ. ಇವರು "ಬೇಡ ಮಾರಾಯ" ಎಂದು ಒಮ್ಮೆ ಹೇಳಿ ನನ್ನ ಮುಖ ನೋಡಿದರು. ನಾನು ಬುಟ್ಟಿ ಸರಿಮಾಡುತ್ತಿದ್ದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಅವನು ಬಿದ್ದ. ಜೀವ ಉಳಿಯಿತು. ಸೊಂಟದ ಕೆಳಗೆ ಎರಡು ಕಡೆ ಮುರಿದು, ಒಂದು ಕಾಲು ಮತ್ತೆ ಸರಿಯಾಗಲೇ ಇಲ್ಲ.

ಶಿರಸಿಯ ಆಸ್ಪತ್ರೆಯ ಜಗಲಿಯಲ್ಲಿ ಅವನ ಹೆಂಡತಿ ಬರುವ ಮೊದಲೇ ಇವರನ್ನು ಪಕ್ಕಕ್ಕೆ ಕರೆದು ಹೇಳಿದೆ: "ನಾನು ಹಂಗೆ ಅಂದೆ ಅನ್ನೂದು ಎಲ್ಲೂ ಬರಬಾರ್ದು. ನೀವು ಬೇಡ ಅಂದ್ರಿ, ಅವನೇ ಕೇಳ್ದೆ ಹತ್ತಿದ. ಅಷ್ಟೇ. ನೀವು ಎಂತದೂ ಮಾತಾಡ್ಬೇಡಿ. ಮಾತಾಡೂದು ನಾನು."

ಅವನ ಹೆಂಡತಿಯ ತವರು ಹಾನಗಲ್ಲ ಕಡೆ. ಬಂದವಳೇ ಇವರ ಮುಂದೆ ನಿಂತು ಕೇಳಿದಳು: "ಮಳಿ ಬಿದ್ದಿತ್ತಂತಲ್ರಿ ಅಣ್ಣಾರ, ಯಾಕ ಹತ್ತಿಸಿದ್ರಿ?" ಇವರು ಬಾಯಿ ತೆರೆದರು. ನಾನು ನಡುವೆ ಬಂದು ಉತ್ತರ ಕೊಟ್ಟೆ. ಇವರು ಬೇಡ ಅಂದದ್ದು ನಿಜವೇ ಆಗಿದ್ದರಿಂದ ನನ್ನ ಮಾತು ಎಲ್ಲೂ ತಡವರಿಸಲಿಲ್ಲ. ಅವಳು ನಂಬಿದಳು. ಆಸ್ಪತ್ರೆಯ ಖರ್ಚು ನಾವು ನೋಡಿಕೊಂಡೆವು, ಪಂಚಾಯ್ತಿ-ಗಿಂಚಾಯ್ತಿ ಇಲ್ಲದೆ ವಿಷಯ ಮುಗಿಯಿತು. ಆಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಹೆಮ್ಮೆಯಾಗಿತ್ತು ಎನ್ನುವುದನ್ನು ಬರೆಯದಿದ್ದರೆ ಇದೂ ಇನ್ನೊಂದು ಸುಳ್ಳಾಗುತ್ತದೆ.

ಇವರು ಎಕ್ಕಂಬಿಗೆ ಹೋಗಿ ನೋಡಿಕೊಂಡು ಬರುತ್ತೇನೆ ಎಂದಾಗಲೂ ತಡೆದೆ. "ಪದೇ ಪದೇ ಹೋದ್ರೆ ತಪ್ಪು ನಮ್ಮದು ಅಂತ ಒಪ್ಕೊಂಡ ಹಾಗೆ ಆಗ್ತದೆ." ಎರಡು ಸಲ ಕೇಳಿದರು. ಮೂರನೇ ಸಲ ಕೇಳಲಿಲ್ಲ.

ಮುಂದಿನ ಸೀಸನ್ನಿಗೆ ಮೊದಲ ಮರದ ಬುಡದಲ್ಲಿ ಇವರು ಚೀಲ ಕಟ್ಟಿದರು, ಕೊಕ್ಕೆ ಸಿಕ್ಕಿಸಿಕೊಂಡರು, ಕಾಂಡಕ್ಕೆ ಕೈ ಇಟ್ಟರು. ಹಾಗೇ ನಿಂತರು. ನನಗೆ ಮೌನ ಎಂದರೆ ಒಂದೇ ಅರ್ಥ, ಎದುರಿನವನಿಗೆ ಏನೋ ಬೇಕಾಗಿದೆ. ಹಾಗಾಗಿ ನಾನು ಚೌಕಾಸಿಯಲ್ಲಿ ಇಳಿದ ಹಾಗೆ ಇಳಿಯಲು ಶುರು ಮಾಡಿದೆ. ಇವತ್ತು ಒಂದೇ ಮರ ಸಾಕು ಎಂದೆ. ಅರ್ಧ ಮರ ಸಾಕು ಎಂದೆ. ಇನ್ನೊಬ್ಬ ಆಳು ಇಟ್ಟುಕೊಳ್ಳುವಾ ಎಂದೆ. ಇವರ ಅಂಗಿ ಬೆನ್ನಿಗೆ ಅಂಟಿಹೋಗಿತ್ತು. "ಕೈ ಬರ್ತಾ ಇಲ್ಲ," ಎಂದರು. "ಎದೆ ಒಡ್ದು ಹೋಗ್ತದೆ ಅನ್ಸ್ತದೆ."

ಎದೆಯ ಪರೀಕ್ಷೆಗಳೆಲ್ಲ ಆದವು, ಹೃದಯ ಗಟ್ಟಿ ಇದೆ ಎಂದರು. ಯಾರೋ ಹೇಳಿದರೆಂದು ತಾಯಿತ ಕಟ್ಟಿಸಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಇವರು ಮನೆಯ ಅಟ್ಟದ ಏಣಿಗೂ ಕಾಲಿಡದಾದರು. ಸಂತೆಗೆ ಬರುವುದಿಲ್ಲ, ಪೇಪರು ಓದುವುದಿಲ್ಲ, ಕರೆದರೆ ಮೂರನೇ ಸಲಕ್ಕೆ ಹೂಂ. ಕೊನೆಗೆ ಶಿರಸಿಯ ಡಾಕ್ಟರೊಬ್ಬರು ನಿಧಾನ ವಿವರಿಸಿದರು: ಇದು ಆತಂಕದ ಕಾಯಿಲೆ, ಜೊತೆಗೆ ಖಿನ್ನತೆ ಸೇರಿದೆ, ಬೇಕಾದರೆ ಮಾತ್ರೆ ಕೊಡುತ್ತೇನೆ, ಆದರೆ ಇವರು ಯಾರ ಹತ್ತಿರವಾದರೂ ಕೂತು ಮಾತಾಡಬೇಕು, ಅದಕ್ಕೆಂದೇ ಕಲಿತವರ ಹತ್ತಿರ.

ಶಿರಸಿಯಲ್ಲೇ ಒಬ್ಬರಿದ್ದರು. ನಾನು ಬೇಡವೆಂದೆ. ಶಿರಸಿಯಲ್ಲಿ ಅರ್ಧ ಊರಿಗೆ ನನ್ನ ಉಪ್ಪಿನಕಾಯಿ ಗೊತ್ತು. ಸಿದ್ದಾಪುರದಲ್ಲಿ ವಾರಕ್ಕೊಮ್ಮೆ ಕೂರುವ ಮೇಡಂ ಸಿಕ್ಕಿದರು. ನಮ್ಮ ಹಳೇ ವ್ಯಾನಿನ ಹಿಂದೆ ಖಾಲಿ ಬುಟ್ಟಿಗಳನ್ನು ಒಟ್ಟಿಕೊಂಡು ಹೊರಡುತ್ತಿದ್ದೆವು. ಪಕ್ಕದ ಮನೆಯವರು ಕೇಳಿದರೆ, "ಮರ ನೋಡೂಕೆ." ಇವರು ಪ್ರತಿ ವಾರ ಆ ಬುಟ್ಟಿಗಳನ್ನು ತಾವೇ ಹೊತ್ತು ತುಂಬಿಸುತ್ತಿದ್ದರು. ನೋಡಿ, ಒಬ್ಬ ಮನುಷ್ಯನನ್ನು ಔಷಧಿಗೆ ಕರೆದುಕೊಂಡು ಹೋಗುವಾಗ ಅದನ್ನು ಮುಚ್ಚುವ ಬುಟ್ಟಿಯನ್ನೂ ಅವನಿಂದಲೇ ಹೊರಿಸಿದರೆ ಅವನು ಏನೆಂದುಕೊಳ್ಳಬೇಕು? ನಿಮ್ಮ ಮನೆಯಲ್ಲಿ ಇಂಥದ್ದು ಬಂದರೆ ಹತ್ತಿರದ ಊರಿಗೇ ಹೋಗಿ, ಹಗಲಿನಲ್ಲಿ, ಬರಿಗೈಯಲ್ಲಿ.

ಮೊದಲ ದಿನ ಆ ಕೋಣೆಯಿಂದ ಹೊರಡುವ ಮೊದಲು ಮೇಡಂ ಹತ್ತಿರವೂ ಚೌಕಾಸಿ ಮಾಡಿದೆ.

"ಎಷ್ಟು ಸಲ ಬರಬೇಕು?"

"ಮೊದಲು ಎಂಟು-ಹತ್ತು ಸಲ ನೋಡುವಾ. ವಾರಕ್ಕೊಂದು."

"ನಾಲ್ಕರಲ್ಲಿ ಮುಗಿಸಿ ಮೇಡಂ. ನಾಲ್ಕೂ ತಪ್ಪಿಸೂದಿಲ್ಲ. ಮಾರ್ಚಿಗೆ ಇವ್ರು ಮರ ಹತ್ತಬೇಕು."

"ಅಕ್ಕಾ, ಇದು ಮಿಡಿ ಅಲ್ಲ," ಎಂದು ನಕ್ಕು ಸುಮ್ಮನಾದರು.

ನಾನೂ ನನ್ನ ಪಟ್ಟು ಹಾಕಿ ಸುಮ್ಮನಾದೆ. ಕಿಟಕಿಯಾಚೆ ಎಣಿಸಲು ಎಲೆಗಳೂ ಇದ್ದವು. ಐವತ್ತಾಯಿತು, ಎಂಬತ್ತಾಯಿತು. ನನಗಿಂತ ಹೆಚ್ಚು ಹೊತ್ತು ಸುಮ್ಮನೆ ಕೂರಬಲ್ಲ ಮನುಷ್ಯರನ್ನು ನಾನು ಕಂಡದ್ದು ಅವತ್ತೇ. ವ್ಯತ್ಯಾಸವೆಂದರೆ, ನನ್ನ ಮೌನ ಎದುರಿನವರು ಇಳಿಯಲಿ ಎಂದು ಕಾಯುತ್ತಿತ್ತು. ಅವರದು ಇವರು ಏನಾದರೂ ಹೇಳಲಿ ಎಂದು ಕಾಯುತ್ತಿತ್ತು. ಕೊನೆಗೆ ಇವರು ಹೇಳಿದರು ಕೂಡ. "ನಾನು ಒಬ್ನೇ ಬರ್ತೇನೆ ಒಳಗೆ." ಇಡೀ ತಿಂಗಳಲ್ಲಿ ಇವರು ತಾವಾಗಿ ಆಡಿದ ಮೊದಲ ವಾಕ್ಯ.

ಎರಡನೇ ವಾರದಿಂದ ನಾನು ಹೊರಗಿನ ಬೆಂಚಿನ ಮೇಲೆ. ಒಳಗೆ ಕೂರುವುದನ್ನು ಬಿಟ್ಟೆನೇ ಹೊರತು ಕೇಳುವುದನ್ನು ಬಿಡಲಿಲ್ಲ. ಸಿದ್ದಾಪುರದಿಂದ ಶಿರಸಿಯವರೆಗೆ ತಿರುವಿಗೊಂದು ಪ್ರಶ್ನೆ.

"ಎಂತ ಕೇಳಿದ್ರು?"

"ಉಸ್ರು ಹೇಗೆ ಎಳ್ಕೊಳ್ಳೂದು ಅಂತ ತೋರ್ಸಿದ್ರು."

"ಅದಕ್ಕೆ ಒಂದು ಗಂಟೆ ಬೇಕಾ?"

"ಎದೆ ಹೊಡ್ಕೊಳ್ಳುವಾಗ ಮನಸ್ಸಲ್ಲಿ ಎಂತ ಬರ್ತದೆ ಕೇಳಿದ್ರು."

"ಎಂತ ಹೇಳಿದ್ರಿ?"

"ಸಪ್ಪಳ."

"ಎಂತ ಸಪ್ಪಳ?"

ಇವರು ಗೇರು ಬದಲಿಸಿದರು. ಎಂತ ಸಪ್ಪಳವೆಂದು ನನಗೂ ಗೊತ್ತಿತ್ತು. ಹೇರೂರಿನ ಆ ಹಳ್ಳದ ದಂಡೆಯಲ್ಲಿ ನಾನೂ ಅದನ್ನು ಕೇಳಿದ್ದೆ.

ನಾಲ್ಕನೇ ವಾರದ ಹೊತ್ತಿಗೆ ಇವರು ಬೆಳಕು ಹರಿಯುವವರೆಗೆ ಮಲಗತೊಡಗಿದರು. ತಟ್ಟೆ ಖಾಲಿಯಾಗತೊಡಗಿತು. ಒಂದು ದಿನ ನಾನು ಫೋನಿನಲ್ಲಿ ಯಾರನ್ನೋ ರೇಟಿಗಾಗಿ ಜಗ್ಗಾಡುತ್ತಿದ್ದಾಗ, "ಬಿಡೇ ಮಾರಾಯ್ತಿ, ಅವನಿಗೂ ಹೆಂಡ್ತಿ ಮಕ್ಕಳಿದ್ದಾರೆ," ಎಂದು ನಕ್ಕರು. ಹಿತ್ತಲಿನ ಹಲಸಿನ ಮರಕ್ಕೆ ಕೈಯಿಟ್ಟು ಉಸಿರು ಎಣಿಸುತ್ತ ನಿಲ್ಲುವುದನ್ನು ಅಡುಗೆಮನೆಯಿಂದ ನೋಡಿದೆ. ಮೇಡಂ ಹೇಳಿಕೊಟ್ಟ ಪಾಠವಂತೆ. ಮೊದಲು ಮುಟ್ಟುವುದು, ಆಮೇಲೆ ಒರಗುವುದು, ಅವಸರ ಇಲ್ಲ.

ಐದನೇ ವಾರ ವಾಪಸು ಬರುವಾಗ ದಾರಿಯ ಚಾದಂಗಡಿಯಲ್ಲಿ ಗಾಡಿ ನಿಲ್ಲಿಸಿದರು. ಲೋಟ ಕೈಯಲ್ಲಿ ಹಿಡಿದು ಹೇಳಿದರು: "ಮುಂದಿನ ವಾರ ಅವತ್ತಿನ ವಿಷಯ ಹೇಳ್ತೇನೆ ಅಂದಿದ್ದೇನೆ ಮೇಡಂಗೆ."

"ಎಷ್ಟು?"

"ಎಷ್ಟು ಅಂದ್ರೆ? ಪೂರ್ತಿ."

ನನ್ನ ಲೋಟ ಬೆಂಚಿನ ಮೇಲಿಟ್ಟೆ. "ಅವ್ರು ಬರ್ಕೊಳ್ತಾರೆ. ಬರ್ದದ್ದು ಎಲ್ಲಿ ಹೋಗ್ತದೆ ಯಾರಿಗೆ ಗೊತ್ತು?"

"ಅಲ್ಲಿ ಹೇಳಿದ್ದು ಅಲ್ಲೇ ಇರ್ತದೆ ಅಂತ ಮೊದಲ ದಿನವೇ ಹೇಳಿದ್ದಾರೆ. ನಿನ್ನ ಮಾತು ತೆಗೆಯೂದಿಲ್ಲ ಬಿಡು."

"ನನ್ನ ಮಾತು ಬಿಟ್ಟು ಹೇಳಿದ್ರೆ ತಪ್ಪು ನಿಮ್ಮದು ಅಂತ ಆಗ್ತದೆ."

"ನಂದೇ ಅಲ್ವಾ," ಎಂದರು ಇವರು. "ನಾನು ಕೆಳಗೇ ನಿಂತಿದ್ದೆ. ಕೈ ಹಿಡ್ದು ಎಳ್ದಿದ್ರೆ ಇಳೀತಿದ್ದ."

ಎರಡು ವರ್ಷ ಇವರು ಅದನ್ನು ಹೊತ್ತುಕೊಂಡು ತಿರುಗಿದ್ದರು. ಆ ಕ್ಷಣದಲ್ಲಿ ಹೆಂಡತಿಯಾದವಳು ಹೇಳಬೇಕಾದ ಮಾತು ಒಂದೇ ಇತ್ತು. ಹತ್ತಿಸಿದ್ದು ನಾನು, ನೀವಲ್ಲ. ನಾನು ಹೇಳಿದ್ದು ಬೇರೆ. "ಈಗ ಆರಾಮಾಗಿದ್ದೀರಲ್ಲ. ಸೀಸನ್ ಬಂತು. ಸೀಸನ್ ಮುಗೀಲಿ, ಆಮೇಲೆ ಎಷ್ಟು ವಾರ ಬೇಕಾದ್ರೂ ಹೋಗುವಾ. ಪೂರ್ತಿ ಹೇಳಿ, ಯಾರು ಬೇಡ ಅಂದ್ರು?"

ಇವರು ಚಾ ಕುಡಿದು ಮುಗಿಸಿದರು. ಆಮೇಲೆ "ಹೂಂ" ಎಂದರು. ನನ್ನ ಬದುಕಿನಲ್ಲಿ ನಾನು ಗೆದ್ದ ಚೌಕಾಸಿಗಳಲ್ಲಿ ಇಷ್ಟು ಸುಲಭವಾಗಿ ಗೆದ್ದದ್ದು ಇನ್ನೊಂದಿಲ್ಲ, ಇಷ್ಟು ಕಳೆದುಕೊಂಡದ್ದೂ ಇನ್ನೊಂದಿಲ್ಲ.

ಮತ್ತಿಘಟ್ಟದಲ್ಲಿ ಒಂದು ಗಿಡ್ಡ ಮರ ಹುಡುಕಿದೆ. ಮೊದಲು ಸಣ್ಣದು ಹತ್ತಲಿ, ಧೈರ್ಯ ಬರುತ್ತದೆ ಎಂದು ನನ್ನ ಲೆಕ್ಕ. ಮೇಡಂ ಹೇಳಿದ ಮುಟ್ಟುವುದು, ಒರಗುವುದು, ಎಲ್ಲವನ್ನೂ ಒಂದೇ ಬೆಳಿಗ್ಗೆಗೆ ತುರುಕಿದೆ. ಇವರು ಎರಡಾಳು ಎತ್ತರ ಹತ್ತಿದರು. ಅಲ್ಲಿ ಕಾಂಡ ತಬ್ಬಿಕೊಂಡು ಕಣ್ಣು ಮುಚ್ಚಿದರು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಪಕ್ಕದ ಮರ ಕೊಯ್ಯುತ್ತಿದ್ದ ಕೂಲಿಯವರಲ್ಲಿ ಒಬ್ಬ, "ಅಣ್ಣಾ, ಅಲ್ಲೇ ಸಂಸಾರ ಹೂಡ್ತೀರಾ? ಅತ್ಗೆನ್ನೂ ಕಳಿಸೂದಾ ಮೇಲೆ?" ಎಂದ. ಎಲ್ಲರೂ ನಕ್ಕರು. ಆಮೇಲೆ ಇವರ ಮುಖ ಕಂಡು ಅವರೇ ನಗು ನಿಲ್ಲಿಸಿ ಏಣಿ ತಂದರು. ಇಬ್ಬರು ಹಿಡಿದು ಇಳಿಸಿದರು.

ಕೆಳಗೆ ಬಂದ ಮೇಲೆ ಸೊಂಟದ ಚೀಲ ಬಿಚ್ಚಿ, ಮೂಲೆಗೆ ಮೂಲೆ ಸೇರಿಸಿ ಅಚ್ಚುಕಟ್ಟಾಗಿ ಮಡಚಿ, ನನ್ನ ಕೈಗೆ ಕೊಟ್ಟರು. "ಸಾಕು," ಎಂದರು.

ಅದಾದ ಮೇಲೆ ಮೇಡಂ ಎರಡು ಸಲ ಇವರ ಫೋನಿಗೆ ಕರೆ ಮಾಡಿದ್ದರು. ಎರಡೂ ಸಲ ಎತ್ತಿದ್ದು ನಾನು. "ಆರಾಮಿದ್ದಾರೆ ಮೇಡಂ. ಸೀಸನ್ ಮುಗಿದ ಮೇಲೆ ಬರ್ತಾರೆ." ಇವರು ಆಗ ಅದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಸೀಸನ್ ಮುಗಿದು ನಾನು ಫೋನು ಮಾಡುವಾಗ ಅವರು ಸಿದ್ದಾಪುರ ಬಿಟ್ಟು ಯಲ್ಲಾಪುರಕ್ಕೆ ಹೋಗಿಯಾಗಿತ್ತು. "ಕರ್ಕೊಂಡು ಬನ್ನಿ ಅಕ್ಕಾ, ಯಾವಾಗ ಬೇಕಾದ್ರೂ," ಎಂದರು. ಇವರು ಏಳಲಿಲ್ಲ.

ಒಂದು ವರ್ಷ. ನಾನು ಬಲ್ಲ ಎಲ್ಲ ಪಟ್ಟುಗಳನ್ನೂ ಹಾಕಿದೆ. ಬೇಡಿದೆ, ಬೈದೆ, ಮಾತು ಬಿಟ್ಟೆ. ಮಾತು ಬಿಟ್ಟದ್ದು ನಾಲ್ಕು ದಿನ. ಇವರಿಗೆ ಅದು ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸುಮ್ಮನಿರುವುದು ಒಂದು ಆಯುಧವೆಂದು ನಂಬಿ ಮನೆ ಕಟ್ಟಿದವಳು ನಾನು. ಅದು ಕಾಯಿಲೆಯೂ ಆಗಬಹುದು ಎನ್ನುವುದು ಹೊಳೆದೇ ಇರಲಿಲ್ಲ. ಒಂದು ದಿನ ಮಧ್ಯಾಹ್ನ ಊಟಕ್ಕೆ ಕರೆಯುತ್ತ, "ಯಲ್ಲಾಪುರಕ್ಕೆ ಒಂದ್ಸಲ ಹೋಗಿ ಬರುವಾ, ನನಗೋಸ್ಕರ," ಎಂದೆ.

"ನೀನೇ ಹೋಗು," ಎಂದರು ಇವರು. ಸಿಟ್ಟಿರಲಿಲ್ಲ. "ನನ್ನ ಬದ್ಲು ಎಲ್ಲಾ ನೀನೇ ಹೇಳ್ತೀಯಲ್ಲ."

ಹೋದೆ. ಬಸ್ಸಿನಲ್ಲಿ, ಒಬ್ಬಳೇ. ಯಲ್ಲಾಪುರದ ಕೋಣೆಯಲ್ಲಿ ಎರಡೇ ಕುರ್ಚಿ. ಹತ್ತು ನಿಮಿಷ ಇವರ ನಿದ್ದೆ, ಇವರ ಊಟ, ಇವರ ಕೈ ನಡುಕ, ಎಲ್ಲವನ್ನೂ ಒಪ್ಪಿಸಿದೆ. ಮೇಡಂ ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ನಿಮಗೆ ನಿದ್ದೆ ಹೇಗಿದೆ?" ಎಂದರು.

ನನ್ನ ಬದಲು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅವರು ಕಾದರು, ಹಳೆಯ ಹಾಗೆ. ಕಿಟಕಿಗೆ ಪರದೆ ಇತ್ತು, ಎಣಿಸಲು ಎಲೆಯೂ ಕಾಣುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ. "ಹತ್ತಿಸಿದ್ದು ನಾನು ಮೇಡಂ," ಎಂದೆ. ಮೂರು ವರ್ಷದಲ್ಲಿ ಆ ಮಾತು ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಆಮೇಲೆ ಹೇರೂರಿನ ಮರ, ಕಚ್ಚೆಯ ತಮಾಷೆ, ಆಸ್ಪತ್ರೆಯ ಜಗಲಿ, ಚಾದಂಗಡಿ ಎಲ್ಲ ತಾವಾಗಿ ಬಂದವು. ತಪ್ಪು ನಿಮ್ಮದು ಎಂದು ಅವರು ಹೇಳಲಿಲ್ಲ, ನಿಮ್ಮದಲ್ಲ ಎಂದು ಸಮಾಧಾನವನ್ನೂ ಮಾಡಲಿಲ್ಲ. ನಾನು ಮುಗಿಸಿದ ಮೇಲೆ ಒಂದೇ ಕೇಳಿದರು: "ಇದನ್ನ ಇನ್ಯಾರಿಗೆ ಹೇಳ್ಬೇಕು ಅನ್ನಿಸ್ತದೆ ನಿಮಗೆ?"

ಮೊದಲು ಇವರಿಗೆ ಹೇಳಿದೆ, ಅದೇ ಸಂಜೆ, ಹಿತ್ತಲಿನಲ್ಲಿ. ಇವರು ಕೇಳಿಸಿಕೊಂಡರು. ಮರುದಿನ ಎಕ್ಕಂಬಿಗೆ ಹೊರಡೋಣವೇ ಎಂದಾಗ ಎದ್ದು ಅಂಗಿ ಹಾಕಿಕೊಂಡರು. ವ್ಯಾನಿನ ಹಿಂದಿದ್ದ ಖಾಲಿ ಬುಟ್ಟಿಗಳನ್ನು ಇಳಿಸಿ ಅಂಗಳದಲ್ಲಿಟ್ಟು ಗಾಡಿ ತೆಗೆದರು.

ಜೊತೆಗಾರ ಮನೆಯ ಮುಂದೆ ಕುರ್ಚಿಯಲ್ಲಿ ಕೂತು ಮಿಡಿ ಕೊಯ್ಯುವವರ ಚೀಲಗಳಿಗೆ ಪಟ್ಟಿ ಹೊಲಿಯುತ್ತಿದ್ದ. ಪಕ್ಕದಲ್ಲಿ ಕೋಲು. ಅವನ ಹೆಂಡತಿ "ಬರ್ರಿ, ಕುಂಡ್ರಿ" ಎಂದಳು, ಮುಖದಲ್ಲಿ ನಗುವಿರಲಿಲ್ಲ. ನಾನು ಕೂರದೆ ನಿಂತೇ ಹೇಳಿದೆ. ಅವಳ ಎದುರಿಗೇ ಹೇಳಿದೆ.

ಅವನು ಸೂಜಿ ಚೀಲಕ್ಕೆ ಚುಚ್ಚಿಟ್ಟ. "ಅತ್ಗೆ, ನಂಗೆ ಕಾಲು ಹೋಗಿದ್ದು, ಕಿವಿ ಅಲ್ಲ. ನೀವು ಅಂದಿದ್ದು ಕೇಳೇ ಅಲ್ವಾ ನಾನು ಹತ್ತಿದ್ದು? ನಂಗೆ ಗೊತ್ತಿಲ್ದೇ ಇರೂಕೆ ಎಂತದುಂಟು ಇದ್ರಲ್ಲಿ?"

"ಮತ್ತೆ ಯಾರಿಗೂ ಹೇಳ್ಲಿಲ್ಲ ಎಂತಕ್ಕೆ?"

"ಇವನಾಗಿ ಬಂದು ಹೇಳ್ತಾನೆ ಅಂತ ಮಾಡಿದ್ದೆ." ಅವನು ನಮ್ಮನೆಯವರ ಕಡೆ ತಿರುಗಿದ. "ನೀ ಎಂತಕ್ಕೆ ಬರ್ಲಿಲ್ಲ ಮಾರಾಯ? ಮೂರು ವರ್ಷ."

ನನ್ನ ಬಾಯಿ ತೆರೆದೇಬಿಟ್ಟಿತ್ತು. 'ನಾನೇ ತಡೆದೆ, ಇವರ ತಪ್ಪಿಲ್ಲ' ಎನ್ನುವುದೆಲ್ಲ ಸಿದ್ಧವಾಗಿತ್ತು ನಾಲಿಗೆಯ ಮೇಲೆ. ಸೆರಗಿನ ಚುಂಗು ಹಿಡಿದು ಬಾಯಿ ಮುಚ್ಚಿದೆ. ಬಹಳ ಹೊತ್ತಾದ ಮೇಲೆ ಇವರು ಹೇಳಿದರು:

"ನಿನ್ನ ಕಾಲು ನೋಡೂಕೆ ಹೆದ್ರಿಕೆ ಆಗ್ತಿತ್ತು."

"ನೋಡು ಹಂಗಾದ್ರೆ," ಎಂದು ಅವನು ಪಂಚೆ ಮೇಲೆತ್ತಿ ಕಾಲು ಚಾಚಿದ. ಇವರು ಹತ್ತಿರ ಹೋಗಿ ನೆಲದ ಮೇಲೆ ಕೂತು ನೋಡಿದರು. ಆಮೇಲೆ ಅದರ ಮೇಲೆ ಅಂಗೈ ಇಟ್ಟರು, ತೊಗಟೆ ಒದ್ದೆಯೋ ಒಣಗಿದೆಯೋ ನೋಡುವಾಗ ಇಡುತ್ತಿದ್ದ ಹಾಗೆ. ಇಬ್ಬರೂ ಅಳಲಿಲ್ಲ. ಅವನು, "ಕಚಗುಳಿ ಆಗ್ತದೆ, ತೆಗ್ಯಾ," ಎಂದ.

ಅಳು ಬಂದದ್ದು ಅವನ ಹೆಂಡತಿಗೆ. ಅವಳು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ನಿಲ್ಲಿಸಿ ಹೇಳಿದಳು: "ಅವತ್ತ ನಿಮ್ಮ ಮಾತ ನಂಬಿದ್ದೆ ಅಕ್ಕಾರ. ಬ್ಯಾಡ ಅಂದ್ರೂ ಕೇಳದ ಹತ್ತಿದ್ರಂತ ಮೂರು ವರ್ಷ ದಿನಾ ಬೈದೀನಿ ಇವ್ರನ್ನ. ಬುದ್ಧಿಗೇಡಿ ಅಂದೀನಿ. ಮಕ್ಕಳ ಮುಂದ ಅಂದೀನಿ. ಒಂದ ದಿನ ಎದುರ ಮಾತಾಡ್ಲಿಲ್ಲ. ಅದನ್ನ ಹ್ಯಾಂಗ ವಾಪಸ ತಗೊಳ್ಳಲಿ ನಾನು, ಹೇಳ್ರಿ?"

ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿದ್ದವಳು ನಾನು. ಅವಳಿಗೆ ಕೊಡಲು ಏನೂ ಇರಲಿಲ್ಲ. ಇವತ್ತಿಗೂ ಇಲ್ಲ. ನಾನು ನಮ್ಮ ಮನೆಯೊಂದರಲ್ಲೇ ಒಬ್ಬರ ಬಾಯಿ ಕಟ್ಟಿದ್ದೇನೆ ಅಂದುಕೊಂಡಿದ್ದೆ. ಎಕ್ಕಂಬಿಯಲ್ಲೂ ಒಬ್ಬ ತನ್ನ ಗೆಳೆಯನ ಮಾತಿಗಾಗಿ ಕಾಯುತ್ತ ದಿನಾ ಬೈಸಿಕೊಂಡು ಕೂತಿದ್ದ.

ಇವರು ಈಗ ವಾರಕ್ಕೊಮ್ಮೆ ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋಗುತ್ತಾರೆ. ವಾಸಿಯಾಯಿತು ಎಂದು ಬರೆದು ಮುಗಿಸುವ ಆಸೆ ನನಗೂ ಇದೆ. ಆಗಿಲ್ಲ. ಮರ ಹತ್ತುವುದಿಲ್ಲ, ಹತ್ತಿ ಎಂದು ನಾನೂ ಹೇಳುವುದಿಲ್ಲ. ಕೆಲವು ದಿನ ಮತ್ತೆ ಗೋಡೆಗೆ ಮುಖ. ಮಧ್ಯದಲ್ಲಿ ಬಿಟ್ಟದ್ದರಿಂದ ಈ ಸಲ ಹೆಚ್ಚು ಕಾಲ ಬೇಕಾಗಬಹುದು ಎಂದು ಮೇಡಂ ಹೇಳಿದರು. ಎಷ್ಟು ಕಾಲ ಎಂದು ನಾನು ಕೇಳಲಿಲ್ಲ. ನಿದ್ದೆ ಬರತೊಡಗಿತು, ಊಟ ಸೇರಿತು ಎಂದ ಕೂಡಲೇ ಯಾರಾದರೂ ಚಿಕಿತ್ಸೆ ನಿಲ್ಲಿಸುವ ಮಾತೆತ್ತಿದರೆ ನನ್ನನ್ನು ನೆನಪು ಮಾಡಿಕೊಳ್ಳಿ. ಆ 'ಆರಾಮ' ಕೊಡುವುದು ಮುಂದಿನ ಮಾತು ಹೇಳಲು ಬೇಕಾಗುವಷ್ಟು ತ್ರಾಣ ಮಾತ್ರ.

ಕೆಲವೊಮ್ಮೆ ನಾನೂ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಐದನೇ ವಾರ ತಡೆದ ಆ ಮಾತನ್ನು ಇವರು ಒಳಗೆ ಹೇಳಿದರೋ, ಹೇಳಿದ್ದರೆ ಅದರಲ್ಲಿ ನಾನು ಹೇಗಿದ್ದೆನೋ, ನನಗೆ ಗೊತ್ತಿಲ್ಲ. ತಿಳಿಯಬೇಕೆನಿಸುತ್ತದೆ. ವಾಪಸು ಬರುವಾಗ ದಾರಿಯ ಒಂದೊಂದು ತಿರುವಿನಲ್ಲೂ ಅನಿಸುತ್ತದೆ.

ಹೋದ ತಿಂಗಳು ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಶಿರಸಿಯ ಒಬ್ಬ ಉಪ್ಪಿನಕಾಯಿ ವ್ಯಾಪಾರಿ ಸಿಕ್ಕಿದ. ನನ್ನ ಹಳೇ ಎದುರಾಳಿ, ಊರಿಗೆಲ್ಲ ಸುದ್ದಿ ಹಂಚುವವ. "ಏನ್ರಿ ಅಕ್ಕಾ, ಗಂಡ-ಹೆಂಡ್ತಿ ಇಬ್ರೂ ಇಲ್ಲಿ? ಮರ ನೋಡೂಕೆ ಬಂದ್ರಾ?" ಎಂದ.

ಉತ್ತರ ನನಗೆ ಬಾಯಿಪಾಠವಿತ್ತು. ಹೇಳಲಿಲ್ಲ. ಬಸ್ಸಿನ ಬೋರ್ಡು ಓದುವವಳ ಹಾಗೆ ನಿಂತೆ.

"ಇಲ್ಲ," ಎಂದರು ನಮ್ಮನೆಯವರು. "ನಂಗೆ ಮನಸ್ಸಿಗೆ ಆರಾಮಿಲ್ಲ. ಇಲ್ಲೊಬ್ರು ಮೇಡಂ ಇದ್ದಾರೆ, ಅವ್ರ ಹತ್ರ ಮಾತಾಡೂಕೆ ಬರ್ತೇನೆ."

ಅವನು ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಬಸ್ಸು ಬಂತು. ಹತ್ತಿ ಕೂತೆವು. ಇವರು ಕಿಟಕಿ ಪಕ್ಕ, ನಾನು ಈ ಕಡೆ. ಶಿರಸಿಯವರೆಗೂ ಯಾವ ತಿರುವಿನಲ್ಲೂ ನಾನು ಏನೂ ಕೇಳಲಿಲ್ಲ.